ಗುಡ್ಡದ ದಾರಿಯ ನಮಸ್ಕಾರ

ಮೇಪಲ್ ಮರಗಳು ಕೆಂಪೇರಿ, ಇನ್ನೇನು ಎಲೆ ಉದುರಿಸಲು ತೊಡಗಿದ್ದ ನವೆಂಬರ್ ಕೊನೆಯ ಭಾನುವಾರ. ಚಾವಣಿಗಳ ಮೇಲಿನ ಇಬ್ಬನಿ ಆರಿ, ಬಿಸಿಲು ಹಿತವಾಗಿ ಬೆನ್ನಿಗೆ ತಾಕುವ ಬೆಳಗಿನ ಹೊತ್ತು. ಶಿಗೆಜೊ ಹೊಸ್ತಿಲ ಬಳಿ ಮಂಡಿಯೂರಿ ಕೂತು, ಹೆಂಡತಿ ಕಿನುವಿನ ಬೂಟಿನ ದಾರ ಕಟ್ಟಿದ. ಬಿಚ್ಚದಿರಲಿ ಎಂದು ಗಂಟಿನ ಮೇಲೊಂದು ಗಂಟು ಹಾಕಿದ.

"ಏನ್ರೀ, ಎಲ್ಲಿಗೆ ಹೊರಟಿದ್ದೀವಿ?"

"ಗುಡ್ಡಕ್ಕೆ ಕಣೇ. ಭಾನುವಾರ ಅಲ್ವಾ."

"ಓ, ಗುಡ್ಡಕ್ಕಾ! ಹಾಗಾದ್ರೆ ಬೇಗ ಏಳಿ. ನೀವು ಯಾವಾಗ್ಲೂ ಹಿಂದೇನೇ."

ಊರ ಹಿಂದಿನ ಆ ಗುಡ್ಡ ದೊಡ್ಡದೇನಲ್ಲ. ಮರ ಕಡಿಯುವಂತಿಲ್ಲ, ಹೂ ಕೀಳುವಂತಿಲ್ಲ ಎಂದು ಪುರಸಭೆಯವರು ಕಾಪಿಟ್ಟುಕೊಂಡು ಬಂದ ಕಾಡು. ಮರದ ದಿಮ್ಮಿ ಹೂತು ಮಾಡಿದ ಮೆಟ್ಟಿಲು, ಅರ್ಧ ದಾರಿಯಲ್ಲಿ ಒಂದು ಮಂಟಪ, ನೆತ್ತಿಯಲ್ಲಿ ಬುತ್ತಿ ಬಿಚ್ಚಿ ಕೂರಲು ಒಂದಿಷ್ಟು ಬಯಲು. ಶಿಶುವಿಹಾರದ ಮಕ್ಕಳೂ ಹತ್ತಿ ಇಳಿಯುತ್ತವೆ. ಶಿಗೆಜೊ ಜೀವಮಾನವೆಲ್ಲ ತತಾಮಿ ಚಾಪೆ ಹೊಲಿದವ, ಮಂಡಿಗಳು ಸವೆದು ಹೋಗಿದ್ದವು. ಆದರೂ ಭಾನುವಾರ ಮಾತ್ರ ತಪ್ಪಿಸುತ್ತಿರಲಿಲ್ಲ.

ಅದಕ್ಕೆ ಕಾರಣವಿತ್ತು. ಊರೊಳಗಿನ ಬೀದಿಯಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಗುಡ್ಡದ ಮೊದಲ ಮೆಟ್ಟಿಲಿಗೆ ಕಾಲಿಟ್ಟರೆ ಮಾತ್ರ ಎದುರಾದವರಿಗೆಲ್ಲ ನಮಸ್ಕಾರ ಹೇಳಲೇಬೇಕು. ಇಳಿಯುವವರು ಪಕ್ಕಕ್ಕೆ ಸರಿದು ಹತ್ತುವವರಿಗೆ ದಾರಿ ಬಿಡುತ್ತಾರೆ, ಹತ್ತುವವರು ಉಪಕಾರ ನೆನೆದು ಮುಂದೆ ಹೋಗುತ್ತಾರೆ. ನಮಸ್ಕಾರ ಹೇಳಿದವರ ಮುಖ ನೆನಪಿನಲ್ಲಿ ಉಳಿಯುತ್ತದೆ, ದಾರಿ ತಪ್ಪಿದರೆ ಕಂಡವರು ಗುರುತು ಹೇಳುತ್ತಾರೆ ಎಂದು ಹಿರಿಯರು ಮಕ್ಕಳಿಗೆ ಕಲಿಸುತ್ತಿದ್ದರು. ಮರುಮಾತಾಡದೆ ತಲೆ ತಗ್ಗಿಸಿ ಹೋಗುವವರು ಸಿಕ್ಕರೆ, ಇವರಿಗೇನೋ ತೊಂದರೆಯಿದೆ ಎಂದು ನಿಂತು ನೋಡುತ್ತಾರೆ.

ಕಿನುವಿಗೆ ಹೆತ್ತ ಮಗಳ ಹೆಸರು ಮರೆತಿತ್ತು. ಉಂಡದ್ದು ಮರೆಯುತ್ತಿತ್ತು, ಬಚ್ಚಲು ಯಾವ ಕಡೆ ಎಂಬುದು ಮರೆಯುತ್ತಿತ್ತು. ಗುಡ್ಡದ ನಮಸ್ಕಾರ ಮಾತ್ರ ಮರೆತಿರಲಿಲ್ಲ. ಒಳ್ಳೆ ಬಿಸಿಲು ಅಲ್ವಾ, ಪುಟ್ಟಾ ನೀನೇ ನಡ್ಕೊಂಡು ಬಂದ್ಯಾ, ಇನ್ನೇನು ಸ್ವಲ್ಪ ದೂರ ಹತ್ತಿ ಎಂದು ಒಂದರ ಹಿಂದೊಂದು ಸಲೀಸಾಗಿ ನಾಲಿಗೆಗೆ ಬರುತ್ತಿತ್ತು. ಅಲ್ಲಿ ಅವಳನ್ನು ಕಂಡವರು ಯಾರೂ ಅವಳಿಗೆ ಕಾಯಿಲೆ ಎನ್ನುತ್ತಿರಲಿಲ್ಲ. ಅವಳ ಹಿಂದೆ ಹಿಂದೆ ಮೆಟ್ಟಿಲು ಹತ್ತುವಾಗ ಶಿಗೆಜೊನಿಗೂ ಅದು ಸುಳ್ಳಿರಬಹುದು ಅನ್ನಿಸುತ್ತಿತ್ತು.

ಮಗಳು ಮಿನೆಕೊಗೆ ಹಾಗೆ ಅನ್ನಿಸುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವಳು ಅಪ್ಪ ಅಮ್ಮನ ಜೊತೆಗೇ ಇದ್ದಳು, ಅಂಗಡಿಯೊಂದರಲ್ಲಿ ಮೀನು ಹೆಚ್ಚುವ ಕೆಲಸ. ಹೋದ ಚೈತ್ರದಲ್ಲಿ ಕಿನು ಮನೆಯ ಚಪ್ಪಲಿಯಲ್ಲೇ ಬಸ್ಸು ಹತ್ತಿ ಕೊನೆಯ ನಿಲ್ದಾಣಕ್ಕೆ ಹೋಗಿಬಿಟ್ಟಿದ್ದಳು. ಆವತ್ತು ಊರಿನ ಕಂಬಕಂಬದ ಧ್ವನಿವರ್ಧಕವೂ ಅವಳ ವಯಸ್ಸು, ಉಟ್ಟ ಬಟ್ಟೆ ಎಲ್ಲ ಕೂಗಿ ಹೇಳಿತ್ತು. ಮಿನೆಕೊ ಮೀನಿನ ಕೈಯಲ್ಲೇ ಓಡಿ ಬಂದಿದ್ದಳು. ಆ ವಾರವೇ ಪಕ್ಕದ ಊರಿನ ವೃದ್ಧಾಶ್ರಮದಲ್ಲಿ ಅಮ್ಮನ ಹೆಸರು ಬರೆಸಿದಳು. ಈಗ ಅಲ್ಲಿಂದ ಜಾಗ ಖಾಲಿಯಾಗಿದೆ ಎಂದು ಫೋನು ಬಂದಿತ್ತು.

"ಹೊಸ ವರ್ಷದ ಹಬ್ಬ ನಮ್ಮ ಜೊತೆ ಮಾಡ್ಲಿ ಕಣಮ್ಮ, ಆಮೇಲೆ ನೋಡೋಣ" ಎಂದಿದ್ದ ಶಿಗೆಜೊ.

"ಆಯ್ತಪ್ಪ, ಹಬ್ಬದವರೆಗೆ ಕಾಯ್ತೀನಿ. ಆದ್ರೆ ಆ ಕಂಬದ ಬಾಯಲ್ಲಿ ಇನ್ನೊಂದ್ಸಲ ಅಮ್ಮನ ಸುದ್ದಿ ಬಂತೋ, ನಿನ್ನ ಮಾತು ಕೇಳಲ್ಲ. ಮಾರನೇ ದಿನಾನೇ ಹೂಂ ಅಂತೀನಿ."

"ನನ್ನ ಕಣ್ಣೆದುರೇ ಇರ್ತಾಳೆ ಬಿಡು."

"ನಿನ್ನ ಕಣ್ಣೋ! ಮೊನ್ನೆ ಚಹಾಕ್ಕೆ ಉಪ್ಪು ಹಾಕಿದ್ಯಲ್ಲ."

"ಕುಡಿದ್ಯಲ್ಲ ಮತ್ತೆ?"

ಮಿನೆಕೊ ನಕ್ಕಿದ್ದಳು. ಆದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆ ಭಾನುವಾರ ಗುಡ್ಡದ ಬುಡದಲ್ಲಿ ತೊಕುದಾ ದಾರಿಯ ಎಲೆ ಗುಡಿಸುತ್ತಿದ್ದ. ಅಂಚೆ ಹಂಚುತ್ತಿದ್ದವ, ನಿವೃತ್ತಿಯಾದ ಮೇಲೆ ತಾನಾಗಿಯೇ ಬಂದು ಗುಡ್ಡ ಕಾಯುತ್ತಿದ್ದ.

"ಏನಕ್ಕಾ, ಮುದುಕನ್ನ ಎಳ್ಕೊಂಡು ಬಂದ್ರಾ?"

"ಏನ್ಮಾಡೋದು, ಮನೇಲಿ ಬಿಟ್ಟು ಬಂದ್ರೆ ಅಳ್ತಾರೆ" ಎಂದಳು ಕಿನು.

ತೊಕುದಾ ಪೊರಕೆ ಊರಿಕೊಂಡು ನಕ್ಕ. ಶಿಗೆಜೊ ಮೆಟ್ಟಿಲು ಹತ್ತುತ್ತ ಆ ಮಾತನ್ನು ಒಳಗೊಳಗೇ ಚಪ್ಪರಿಸಿದ. ಹಾಗೆ ಮಾತಾಡುವವಳನ್ನು ಆಶ್ರಮಕ್ಕೆ ಕಳಿಸುವುದಾದರೂ ಹೇಗೆ?

ಮಂಟಪದಲ್ಲಿ ಜನವಿತ್ತು. ಅವರ ನಡುವೆಯೇ ಬೆಂಚಿನ ತುದಿಯಲ್ಲಿ ಕೂತು ಇಬ್ಬರೂ ಬುತ್ತಿ ಬಿಚ್ಚಿದರು. ಉಪ್ಪಿನಲ್ಲಿ ಹಾಕಿದ ಹುಳಿಹಣ್ಣು ಒಳಗಿಟ್ಟು ಮಿನೆಕೊ ಕಟ್ಟಿಕೊಟ್ಟಿದ್ದ ಅನ್ನದ ಉಂಡೆ. ಅರ್ಧ ತಿನ್ನುವಷ್ಟರಲ್ಲಿ ಶಿಗೆಜೊನಿಗೆ ಮೂತ್ರಕ್ಕೆ ಅವಸರವಾಯಿತು. ಶೌಚಾಲಯ ಬಿದಿರು ಮೆಳೆಯ ಆಚೆಗೆ. ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ, ಸ್ವಲ್ಪ ಇವಳ ಮೇಲೆ ಕಣ್ಣಿಡಿ ಅನ್ನಬಹುದಿತ್ತು. ಹಾಗಂದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಕಿನುವಿನ ಮುಂದೆಯೇ, ಅಷ್ಟು ಜನರ ಎದುರು ಹೇಳಲು ಬಾಯಿ ಬರಲಿಲ್ಲ.

"ಇಲ್ಲೇ ಕೂತಿರು. ಬಂದೆ."

"ಎಲ್ಲಿಗೆ ಹೋಗ್ಲಿ ನಾನು, ತಿಂತಾ ಇದ್ದೀನಲ್ಲ."

ಮುದುಕನ ಕೆಲಸ, ತಡವಾಯಿತು. ತಿರುಗಿ ಬಂದಾಗ ಬೆಂಚಿನ ಮೇಲೆ ಬುತ್ತಿಯ ಬಟ್ಟೆ ಇತ್ತು, ಕಿನು ಇರಲಿಲ್ಲ. ಪಕ್ಕದ ಹೆಂಗಸೂ ಎದ್ದು ಹೋಗಿದ್ದಳು.

ಮೇಲಿನಿಂದ ಇಬ್ಬರು ಮಕ್ಕಳ ಕೈ ಹಿಡಿದ ತಾಯಿಯೊಬ್ಬಳು ಇಳಿದು ಬಂದಳು.

"ನೇರಳೆ ಮೇಲಂಗಿ ಅಜ್ಜೀನಾ? ಹೂಂ, ಈಗಷ್ಟೇ ಸಿಕ್ಕಿದ್ರು. ನಾವು ಬಾಯಿ ಬಿಡೋಕೆ ಮುಂಚೆ ಅವರೇ ನಮಸ್ಕಾರ ಅಂದ್ರು. ಇವನನ್ನ ಎಷ್ಟು ಹೊಗಳಿದ್ರು ಗೊತ್ತಾ."

"ನಾನು ಗಟ್ಟಿಗ ಅಂತೆ" ಎಂದ ಚಿಕ್ಕವನು.

"ಮೇಲಕ್ಕೆ ಹೋಗ್ತಿದ್ಲಾ?"

"ಹೌದಜ್ಜ, ನಮಗಿಂತ ಚುರುಕಾಗಿ. ನಿಮ್ಮನ್ನ ಹಿಂದೆ ಹಾಕಿಬಿಟ್ರಾ?" ಅವಳು ನಗುತ್ತ ಪಕ್ಕಕ್ಕೆ ನಿಂತು ದಾರಿ ಬಿಟ್ಟಳು. ಶಿಗೆಜೊನೂ ನಕ್ಕು, ಉಪಕಾರವಾಯಿತು ಎಂದು ಹೇಳಿ ಹತ್ತಿದ.

ಮುಂದೆ ಸಿಕ್ಕವರೂ ಅದನ್ನೇ ಹೇಳಿದರು. ಹಕ್ಕಿಯ ಫೋಟೋ ಹಿಡಿಯುವವನಿಗೆ ಅಜ್ಜಿ, ಚಳಿ ಹತ್ತಿಸಿಕೊಳ್ಳಬೇಡಪ್ಪ ಎಂದಿದ್ದಳಂತೆ. ನೆತ್ತಿಯ ಬಯಲಿನಲ್ಲಿದ್ದ ಹುಡುಗಿಯರಿಗೆ ಅವಳೇ ಫೋಟೋಕ್ಕೆ ನಿಂತುಕೊಟ್ಟಿದ್ದಳು. ಫೋನಿನಲ್ಲಿ ತೆಗೆದು ತೋರಿಸಿದರು: ಇಬ್ಬರ ನಡುವೆ ಕಿನು, ಬಾಯಿ ತುಂಬ ನಗು.

"ಎಷ್ಟು ಮುದ್ದಾಗಿದಾರೆ ಅಜ್ಜಿ! ಒಬ್ಬರೇ ಬಂದ್ರಾ ಅಂತ ಕೇಳಿದ್ವಿ. ಮನೆಯವರು ಹಿಂದೆ ಬರ್ತಿದಾರೆ, ಯಾವಾಗ್ಲೂ ನಿಧಾನ ಅಂದ್ರು."

"ಆಮೇಲೆ ಯಾವ ಕಡೆ ಹೋದ್ಲು?"

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. "ಅದೇ... ನಮಸ್ಕಾರ ಹೇಳಿ ಹೋದ್ರು."

ಬಯಲಿನಿಂದ ಮೂರು ಕಡೆಗೆ ದಾರಿ ಒಡೆಯುತ್ತದೆ. ಶಿಗೆಜೊ ಒಂದರಲ್ಲಿ ಇಳಿದು, ಯಾರೂ ಕಾಣದೆ ಏದುಸಿರು ಬಿಡುತ್ತ ಮತ್ತೆ ಹತ್ತಿ ಬಂದ. ಅಷ್ಟರಲ್ಲಿ ಮೇಲಿದ್ದವರು ಇಳಿದು ಹೋಗಿ ಬೇರೆಯವರು ಬಂದಿದ್ದರು. ಅವಳನ್ನು ಹೊಳೆಯ ಕಡೆ ಕಂಡೆ ಎಂದ ಒಬ್ಬ. ಇಲ್ಲ, ಯಾರದೋ ಮನೆಯವರ ಜೊತೆ ಊರ ಕಡೆ ಇಳಿಯುತ್ತಿದ್ದಳು ಎಂದಳು ಇನ್ನೊಬ್ಬಳು. ಆ ಮನೆಯವರು ಇನ್ನೊಬ್ಬರ ಮನೆಯ ಅಜ್ಜಿ ಅಂದುಕೊಂಡಿರಬೇಕು. ಎಲ್ಲರಿಗೂ ಅವಳ ಮುಖ ನೆನಪಿತ್ತು. ಯಾರೂ ಅವಳನ್ನು ನಿಲ್ಲಿಸಿರಲಿಲ್ಲ. ಅಷ್ಟು ಚೆನ್ನಾಗಿ ನಮಸ್ಕಾರ ಹೇಳಿದವಳನ್ನು ಯಾಕಾದರೂ ನಿಲ್ಲಿಸುತ್ತಾರೆ?

ಅವನು ಒಬ್ಬನೇ ಬುಡಕ್ಕೆ ಇಳಿದು ಬಂದ. ತೊಕುದಾ ಪೊರಕೆ ಬಿಸಾಕಿ ಹತ್ತಿರ ಬಂದ.

"ಅಕ್ಕ ಎಲ್ಲಿ?"

"ಇಲ್ಲಿಗೆ ಬರ್ಲಿಲ್ವಾ?"

"ಇಲ್ಲ. ಪೊಲೀಸರಿಗೆ ಹೇಳೋಣ ಅಣ್ಣಾ. ಐದು ನಿಮಿಷದಲ್ಲಿ ಕಂಬದಲ್ಲಿ ಕೂಗಿಸ್ತಾರೆ."

"ಬೇಡ ಬೇಡ. ಇಲ್ಲೇ ಎಲ್ಲೋ ಇರ್ತಾಳೆ. ಎಲ್ಲರೂ ನೋಡಿದಾರೆ, ಚೆನ್ನಾಗಿದ್ಲು ಅಂತಾರೆ."

"ಚೆನ್ನಾಗಿದ್ರೆ ಎಲ್ಲಿ ಮತ್ತೆ?"

ಶಿಗೆಜೊ ಮತ್ತೆ ಮೆಟ್ಟಿಲ ಕಡೆ ತಿರುಗಿದ. ಕಂಬ ಕೂಗಿದರೆ ಮಿನೆಕೊಗೆ ಕೇಳುತ್ತದೆ, ಅಲ್ಲಿಗೆ ಮುಗಿಯಿತು. ಇನ್ನೊಂದು ಸುತ್ತು ನೋಡಿ ಬರುತ್ತೇನೆ ಎಂದ. ತೊಕುದಾ ಬಲಗಡೆ ಹೋದ, ಅವನು ಎಡಗಡೆ ಹೋದ. ಕಿನೂ, ಕಿನೂ ಎಂದು ಕೂಗಿದ. ಗಟ್ಟಿಯಾಗಿ ಕೂಗಲು ನಾಚಿಕೆ. ಎದುರಾದವರಿಗೆ ನಮಸ್ಕಾರವನ್ನೂ ಹೇಳುತ್ತ ಹೋದ, ಕಾಡಿನಲ್ಲಿ ಹೆಂಡತಿ ಕಳೆದುಹೋಗಿರುವಾಗಲೂ ಬಾಯಿ ತನ್ನಷ್ಟಕ್ಕೆ ಹೇಳುತ್ತಿತ್ತು. ಒಬ್ಬನೂ ನಿಂತು, ಏನಾಯ್ತಜ್ಜ ಎಂದು ಕೇಳಲಿಲ್ಲ.

ಗುಡ್ಡದ ನೆರಳು ಊರಿನ ಮೇಲೆ ಬೀಳತೊಡಗಿತು. ಬುತ್ತಿ ತಂದ ಮನೆಗಳೆಲ್ಲ ಇಳಿದು ಹೋದವು, ದಾರಿ ಬರಿದಾಯಿತು. ಚಳಿ ಕೈಬೆರಳಿಗೆ ಹತ್ತಿತು. ಮತ್ತೆ ಬುಡಕ್ಕೆ ಬಂದಾಗ ತೊಕುದಾ ಫೋನು ಹಿಡಿದುಕೊಂಡು ನಿಂತಿದ್ದ.

"ಮಾಡು" ಎಂದ ಶಿಗೆಜೊ.

ಅವನು ಮೆಟ್ಟಿಲ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಊರಿನ ಒಂದು ಕಂಬ ಬಾಯಿಬಿಟ್ಟಿತು, ಅದರ ಹಿಂದೆ ಇನ್ನೊಂದು. ಒಂದರ ದನಿ ಇನ್ನೊಂದರ ಮೇಲೆ ಬಿದ್ದು ಗುಡ್ಡಕ್ಕೆ ತಾಗಿ ಮರಳಿತು. ನಾಗರಿಕರ ಗಮನಕ್ಕೆ. ಎಪ್ಪತ್ತೆಂಟು ವರ್ಷದ ಮಹಿಳೆಯೊಬ್ಬರು ಕಾಣೆಯಾಗಿದ್ದಾರೆ. ಕುಳ್ಳನೆಯ ಮೈಕಟ್ಟು, ಬಿಳಿ ಕೂದಲು, ನೇರಳೆ ಬಣ್ಣದ ಮೇಲಂಗಿ. ಹೆಸರು ಹೇಳುವುದಿಲ್ಲ, ಅದು ನಿಯಮ. ಹೇಳದಿದ್ದರೂ ಊರಿಗೆಲ್ಲ ತಿಳಿಯುತ್ತದೆ. ಮೀನಿನಂಗಡಿಯಲ್ಲಿ ಒಬ್ಬಳ ಕೈ ಈಗ ನಿಂತಿರುತ್ತದೆ ಎಂದುಕೊಂಡು ಶಿಗೆಜೊ ತಲೆ ತಗ್ಗಿಸಿದ.

ಕಂಬದ ಮಾತು ಕೇಳಿದ್ದೇ, ಗುಡ್ಡದ ಹಿಂಬದಿಯ ಕೆರೆ ದಾರಿಯಲ್ಲಿ ಕಾರು ಹತ್ತುತ್ತಿದ್ದ ಗಂಡಹೆಂಡತಿಗೆ, ಸ್ವಲ್ಪ ಮುಂಚೆ ದಾರಿಯಲ್ಲಿ ನಮಸ್ಕಾರ ಹೇಳಿದ ಅಜ್ಜಿಯ ನೆನಪಾಯಿತು. ಹಿಂದಿರುಗಿ ಹೋಗಿ ಹುಡುಕಿ ಪೊಲೀಸರಿಗೆ ತಿಳಿಸಿದರು. ತೊಕುದಾನ ಪುಟ್ಟ ಲಾರಿಯಲ್ಲಿ ಶಿಗೆಜೊ ಅಲ್ಲಿಗೆ ಹೋದ.

ಕಿನು ಕೆರೆಯ ಏರಿಯ ಮೇಲೆ ಕೂತಿದ್ದಳು. ಯಾರೋ ಹೊದಿಸಿದ ಕಂಬಳಿ ಹೆಗಲ ಮೇಲಿತ್ತು. ಮೊಣಕಾಲವರೆಗೆ ಕೆಸರು, ತುಟಿ ನೀಲಿ. ಗಂಡ ಏದುಸಿರು ಬಿಡುತ್ತ ಏರಿ ಹತ್ತಿ ಬರುವುದನ್ನು ಕಂಡು, ಎದ್ದು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ನಮಸ್ಕಾರ. ಒಳ್ಳೆ ದಿನ ಅಲ್ವಾ? ಇನ್ನೇನು ಸ್ವಲ್ಪ ದೂರ, ಹತ್ತಿ."

ಶಿಗೆಜೊ ಅವಳ ಕಣ್ಣನ್ನೇ ನೋಡಿದ. ಅಲ್ಲಿ ಅವನು ಇರಲಿಲ್ಲ. ಸುತ್ತ ಪೊಲೀಸರು, ಆ ಗಂಡಹೆಂಡತಿ, ತೊಕುದಾ ಎಲ್ಲರೂ ನಿಂತಿದ್ದರು. ಅವನು ತಲೆ ಬಾಗಿಸಿದ.

"ನಮಸ್ಕಾರ" ಎಂದ.

ಅಷ್ಟರಲ್ಲಿ ಮಿನೆಕೊ ಅಂಗಡಿಯ ರಬ್ಬರು ಬೂಟಿನಲ್ಲೇ ಏರಿಗೆ ಬಂದು ನಿಂತಳು. ಬಯ್ಯುತ್ತಾಳೆ ಎಂದು ಶಿಗೆಜೊ ಕಾದ. ಬೈದಿದ್ದರೆ ಮರುಮಾತಾಡಬಹುದಿತ್ತು. ಅವಳು ಅಮ್ಮನ ಕಾಲಿನ ಕೆಸರು ಒರೆಸಿದಳು. ಒದ್ದೆಯಾಗಿ ಬಿಗಿದುಕೊಂಡಿದ್ದ ದಾರದ ಗಂಟು ಬಿಚ್ಚಲು ಬಹಳ ಹೊತ್ತು ಒದ್ದಾಡಿ, ಕೊನೆಗೆ ತೊಕುದಾನಿಂದ ಚಾಕು ಇಸಿದುಕೊಂಡು ಕತ್ತರಿಸಿದಳು.

ಮನೆಗೆ ಬಂದು ಕಿನು ಮಲಗಿದ ಮೇಲೆ ಶಿಗೆಜೊನೇ ಬಾಯಿ ತೆರೆದ.

"ಹಬ್ಬ ಆಗೋವರೆಗೆ..."

"ಅಪ್ಪಾ."

"ಇನ್ನು ಗುಡ್ಡಕ್ಕೆ ಕರ್ಕೊಂಡು ಹೋಗಲ್ಲ. ಮನೇಲೇ ಇರ್ತೀವಿ. ಬಾಗಿಲಿಗೆ ಬೀಗ ಹಾಕು ಬೇಕಾದ್ರೆ."

"ನಿನ್ನನ್ನೂ ಒಳಗಿಟ್ಟು ಬೀಗ ಹಾಕ್ಲಾ? ನಾನು ಕೆಲಸಕ್ಕೆ ಹೋಗಬೇಕು, ನೀನು ಒಂದು ಗಳಿಗೆ ಆಚೆ ಹೋಗಿ ಬರಬೇಕು. ಅಷ್ಟಕ್ಕೇ ಹೀಗಾಗತ್ತೆ. ನಿಂದೇನೂ ತಪ್ಪಿಲ್ಲಪ್ಪ. ತಪ್ಪಿದ್ರೆ ತಿದ್ದಬಹುದಿತ್ತು."

ಮಾರನೇ ದಿನ ಮಿನೆಕೊ ಆಶ್ರಮಕ್ಕೆ ಫೋನು ಮಾಡಿ, ಆಗಲಿ, ಆಗಲಿ ಎಂದು ಕಾಣದವರಿಗೆ ಬಗ್ಗಿ ಬಗ್ಗಿ ವಂದಿಸುತ್ತಿದ್ದುದನ್ನು ಅವನು ಅಡುಗೆಮನೆಯಿಂದ ನೋಡಿದ. ಆಮೇಲಿನ ದಿನಗಳಲ್ಲಿ ಅವಳು ಅಮ್ಮನ ಬಟ್ಟೆಗಳ ಒಳಗೆಲ್ಲ ಹೆಸರು ಹೊಲಿದಳು. ಶಿಗೆಜೊ ಸೂಜಿಗೆ ದಾರ ಪೋಣಿಸಿ ಕೊಡಲು ಕೂತ. ದಾರ ಮತ್ತೆ ಮತ್ತೆ ಸೂಜಿಯ ಕಣ್ಣು ತಪ್ಪಿ ಆಚೆ ಹೋಯಿತು.

ಆಶ್ರಮದ ಬಿಳಿ ವ್ಯಾನು ಮನೆ ಮುಂದೆ ನಿಂತಾಗ ಕಿನು ತಾನೇ ನಡೆದು ಹೋಗಿ ಕಿಟಕಿಯ ಪಕ್ಕ ಕೂತಳು. ಬಂದ ಹುಡುಗಿ ಬೆಲ್ಟು ಕಟ್ಟಿದಾಗ ಉಪಕಾರವಾಯಿತು ಎಂದಳು. ಮಿನೆಕೊ ಪಕ್ಕದಲ್ಲಿ ಕೂತಳು. ಇನ್ನೊಬ್ಬರಿಗೆ ಜಾಗವಿರಲಿಲ್ಲ, ನೀವು ನಾಳೆ ಬನ್ನಿ ಎಂದರು. ಶಿಗೆಜೊ ಬೀದಿಯಲ್ಲಿ ನಿಂತ. ಕಿನು ಆಶ್ರಮಕ್ಕೆ ಹೋದದ್ದು ಡಿಸೆಂಬರಿನ ಮೊದಲ ಗುರುವಾರ, ಹೊಸ ವರ್ಷದ ಹಬ್ಬಕ್ಕೆ ಇನ್ನೂ ಸುಮಾರು ನಾಲ್ಕು ವಾರವಿತ್ತು.