ಕಂಬಳಿ ಒತ್ತಿದ ಎಲೆ

ಇದನ್ನು ಹೇಳಲು ನಾನು ಯಾರು ಎಂಬ ಅಳುಕು ಇದ್ದೇ ಇದೆ, ಕ್ಷಮಿಸಿ. ನನ್ನದು ಸಂಜೆ ಶಾಲೆಯ ಅಕ್ಷರ. ಕಾಗದದ ವಿಷಯ ನನಗಿಂತ ಚೆನ್ನಾಗಿ ಬಲ್ಲವರು ಅಮೆರಿಕದ ಕಾಗದದ ಮಿಲ್ಲುಗಳ ಊರಾದ ನಮ್ಮ ಹೋಲ್ಯೋಕ್‌ನಲ್ಲಿ ಬೀದಿಗೊಬ್ಬರಿದ್ದರು. ಆದರೆ ಎಲೆಯ ಗುರುತು ಬಿದ್ದ ಆ ಹಾಳೆಗಳನ್ನು ಮೊದಲು ಮುಟ್ಟಿದವಳು ನಾನು.

ನಮ್ಮ ಮಿಲ್ಲಿನಲ್ಲಿ ಹಸಿ ಕಾಗದ ಉದ್ದನೆಯ ಉಣ್ಣೆ ಕಂಬಳಿಗೆ ಒತ್ತಿಕೊಂಡು ಸಾಗುತ್ತಿತ್ತು. ಕಂಬಳಿಯ ನೇಯ್ಗೆ ಕಾಗದದ ಮೈಗಿಳಿದು, ಗಾಳಿ ಸವರಿದ ಹಿಮದಂಥ ನವುರಾದ ಏರಿಳಿತ ಮೂಡುತ್ತಿತ್ತು. ಕಂಬಳಿಗೆ ತೂತು ಬಿದ್ದರೆ ರಫು ಮಾಡುತ್ತಿದ್ದವರು ಓದೀಲ್ ಅಜ್ಜಿ. ಅವರ ಕಣ್ಣಿಗೆ ಪೊರೆ ಬಂದಿತ್ತು. ಇನ್ನೊಂದು ರಫು ಕೆಟ್ಟರೆ ಮನೆಗೆ ಕಳಿಸುವುದಾಗಿ ಫೋರ್‌ಮನ್ ಹ್ಯಾನ್ಲನ್ ಹೇಳಿಯಾಗಿತ್ತು. ಮಿಲ್ಲಿನ ಆ ಬೆಂಚು ಬಿಟ್ಟರೆ ಅಜ್ಜಿಗೆ ಈ ಊರಲ್ಲಿ ಕೂರುವ ಜಾಗವೇ ಇರಲಿಲ್ಲ.

ನನ್ನದು ಕೆಟ್ಟ ಹಾಳೆಗಳನ್ನು ಆರಿಸಿ ತೆಗೆಯುವ ಕೆಲಸ. ಮಾರ್ಚ್ ತಿಂಗಳ ಒಂದು ಬೆಳಗ್ಗೆ, ಕಾಲುವೆ ನೀರಿನ ಬೆಳಕು ಚಾವಣಿಯಲ್ಲಿ ತೇಲುತ್ತಿದ್ದಾಗ, ಬೆರಳಿಗೆ ಏನೋ ತಾಗಿತು. ಹಾಳೆಯನ್ನು ಕಿಟಕಿಗೆ ಓರೆಯಾಗಿ ಹಿಡಿದೆ. ಬಾರ್ಲಿ ಕಾಳಿನಷ್ಟು ಪುಟ್ಟ ತಗ್ಗುಗಳು, ಎಲೆಯ ನರಗಳಂತೆ. ಕೆಲವು ಹಾಳೆ ದಾಟಿದರೆ ಮತ್ತೆ ಅದೇ. ಕಂಬಳಿ ಒಂದು ಸುತ್ತು ಮುಗಿಸಿದಾಗಲೆಲ್ಲ ಅಜ್ಜಿಯ ರಫು ಕಾಗದವನ್ನು ಮುಟ್ಟುತ್ತಿತ್ತು.

ಯಾರಿಗೂ ಹೇಳಲಿಲ್ಲ. ಆ ಹಾಳೆಗಳನ್ನು ರದ್ದಿ ಗಾಡಿಯ ತಳಕ್ಕೆ ತುರುಕಿದೆ. ರದ್ದಿ ನೀರಲ್ಲಿ ಕರಗಿ, ತಿರುಳಾಗಿ, ಮತ್ತೆ ಅದೇ ಕಂಬಳಿಗೆ ಬರುವುದು. ನಾನು ಮುಳುಗಿಸಿದ ಎಲೆ ಮರುದಿನ ನನ್ನ ಮೇಜಿನ ಮೇಲೆ ತೇಲುತ್ತಿತ್ತು.

"ಏನೇ ಸಬೀನಾ, ಹಾಳೆ ಆರಿಸ್ತೀಯೋ, ಮುದ್ದಾಡ್ತೀಯೋ?" ಪಕ್ಕದ ಯಾದ್ವಿಗಾ ಛೇಡಿಸಿದಳು.

ನಾಲ್ಕನೆಯ ದಿನ ಹ್ಯಾನ್ಲನ್ ಗಾಡಿಯ ಬಳಿ ನಿಂತ. "ಇಷ್ಟೊಂದು ರದ್ದಿ ಯಾಕಮ್ಮ?"

"ನನ್ನ ಬೆರಳೇ ಸರಿ ಇಲ್ಲ ಅನ್ಸತ್ತೆ, ಸರ್."

ಊಟದ ಡಬ್ಬಿ ಹಿಡಿದು ಹೋಗುತ್ತಿದ್ದ ಓದೀಲ್ ಅಜ್ಜಿ ನಿಂತರು. ಹತ್ತಿರ ಬಂದು, ಕಣ್ಣು ಮುಚ್ಚಿ, ಗಾಡಿಯ ಹಾಳೆಯೊಂದರ ಮೇಲೆ ಅಂಗೈ ಇಟ್ಟರು. ತಗ್ಗುಗಳನ್ನು ಒಂದೊಂದಾಗಿ ಸವರಿದರು.

"ಸುಳ್ಳು ಹೇಳ್ಬೇಡ ಮಗಳೇ. ನಿನ್ ಬೆರಳು ಚೆನ್ನಾಗೇ ಇದೆ. ಇದು ನನ್ ರಫು."

"ಕಣ್ಣು ಕಾಣ್ಸದಿದ್ರೆ ಹೇಳ್ಬಾರ್ದಾ ಅಜ್ಜಿ?" ಹ್ಯಾನ್ಲನ್‌ನ ದನಿ ಮೆತ್ತಗಾಯಿತು.

"ಕಣ್ಣಲ್ಲಿ ಹೊಲಿಯೋದು ಬಿಟ್ಟು ಎರಡು ವರ್ಷ ಆಯ್ತು ಕಣೋ. ನಿನಗೆ ಈಗ ಗೊತ್ತಾಯ್ತಾ?"

ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕರು. ಸಂಜೆ, ಹೊಲಿಯುವಾಗ ಬೆರಳಿಗೆ ಹಾಕುವ ಟೋಪಿಯನ್ನು ಜೇಬಿಗೆ ಹಾಕಿಕೊಂಡು ಹೊರಟರು, ಮತ್ತೆ ಬರಲಿಲ್ಲ. ಕೆನಡಾದಲ್ಲಿರುವ ತಂಗಿಯ ಮನೆಗೆ ಹೋದರಂತೆ.

ಭಾನುವಾರ ಯಂತ್ರದಿಂದ ಕಂಬಳಿ ಬಿಚ್ಚಿದರು. ರಫು ಇದ್ದ ತುಂಡನ್ನು ನಾನು ಕೇಳಿ ತಂದೆ. ನಡುವೆ ಒಂದು ದಂಟು, ಎರಡು ಕಡೆಗೂ ಎಂಟೆಂಟು ಹೊಲಿಗೆ, ಒಂದೇ ಅಳತೆ. ಪೊರೆ ಬಂದ ಕಣ್ಣಿನವರು ತಪ್ಪಿ ಹಾಕಿದ್ದರೆ ಹೀಗಿರುತ್ತಿತ್ತೆ? ಅಥವಾ ನಲವತ್ತು ವರ್ಷ ಪಳಗಿದ ಕೈ ತನಗೆ ತಾನೇ ಹೀಗೆ ಹೊಲಿಯಿತೆ? ಬೇಕೆಂದೇ ಹೊಲಿದಿದ್ದರೆ, ಯಾರಿಗೆ ತಲುಪಲಿ ಎಂದು? ನನ್ನ ಕೈ ತಪ್ಪಿ ಕೆಲವು ಹಾಳೆ ಹೊರಗೆ ಹೋಗಿರಲೂಬಹುದು. ಅಜ್ಜಿಯನ್ನು ಕೇಳಬೇಕಿತ್ತು. ಕೇಳಲಿಲ್ಲ. ನನಗೆ ಗೊತ್ತಿಲ್ಲ.