ಮೂಲೆಯ ಗಡಿಯಾರ

ಅವಳ ಬ್ಲಾಗಿಗೆ ಓದುಗರಿರಲಿಲ್ಲ. ಅಪ್ಪನೊಬ್ಬನನ್ನು ಬಿಟ್ಟರೆ ಆ ಕಡೆ ತಲೆ ಹಾಕಿ ಮಲಗಿದವರೂ ಇಲ್ಲ.

ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವುದು ಅವಳ ಕೆಲಸ. ಇಡೀ ದಿನ "ಉಸಿರು ಹಿಡೀರಿ, ಹಾಂ ಬಿಡಿ" ಎಂದು ಹೇಳಿ ಬಂದವಳಿಗೆ ಮನೆಯಲ್ಲಿ ಮಾತೇ ಬರುತ್ತಿರಲಿಲ್ಲ. ಅಮ್ಮ ತೀರಿಕೊಂಡ ಮೇಲಂತೂ ಅಪ್ಪ-ಮಗಳ ಮಾತು ಉಪ್ಪು, ಸೋಪು, ಗ್ಯಾಸಿಗೆ ಬಂದು ನಿಂತಿತ್ತು. ಎದುರಿಗೆ ಆಡಲಾಗದ್ದನ್ನು ಅವಳು ಬ್ಲಾಗಿನಲ್ಲಿ ಬರೆಯುತ್ತಿದ್ದಳು: ಅಮ್ಮನ ಕೊನೆಯ ವಾರ, ನಿಂತುಹೋದ ತನ್ನ ಮದುವೆ. ಅಪ್ಪ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತು ಓದುತ್ತಿದ್ದ. ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಆದರೆ ಓದಿದ ದಿನ, ಸಂಜೆ ಅವಳು ಬರುವ ಹೊತ್ತಿಗೆ ಬಚ್ಚಲಲ್ಲಿ ಒಂದು ಬಕೆಟ್ ಬಿಸಿನೀರು ಇರುತ್ತಿತ್ತು.

ಅಪ್ಪ ಬಸ್ ಡ್ರೈವರಾಗಿದ್ದವನು. ಈಗ ಕಣ್ಣಿನ ನಡುಭಾಗ ಹೋಗುತ್ತಿತ್ತು. ನೇರ ನೋಡಿದಲ್ಲೆಲ್ಲ ಬೂದು ಮಚ್ಚೆ, ಅಂಚಿನಲ್ಲಿ ಮಾತ್ರ ಸ್ಪಷ್ಟ. ಡಾಕ್ಟರು ಕೈಚೆಲ್ಲಿದ್ದರು.

ಬ್ಲಾಗೋ ಓಬೀರಾಯನ ಕಾಲದ್ದು. ಎಡಕ್ಕೆ ಹಳದಿ ಪಟ್ಟಿ, ಮಿನುಗುವ ಏಳು ನಕ್ಷತ್ರಗಳು, ಪುಟ ಜಾರಿಸಿದರೂ ಮೂಲೆ ಬಿಟ್ಟು ಕದಲದ ಒಂದು ಕೆಂಪು ಮುಳ್ಳಿನ ಗಡಿಯಾರ. ಊರಿಂದ ಬಂದ ಅವಳ ತಮ್ಮ ಅದನ್ನು ನೋಡಿ ನಕ್ಕ.

"ಇದೇನಕ್ಕಾ, ಬ್ಲಾಗೋ ಲಾರಿ ಹಿಂಭಾಗಾನೋ? 'ಹಾರನ್ ಮಾಡಿ' ಅಂತ ಒಂದು ಬರೆದುಬಿಡು, ಸರಿಹೋಗುತ್ತೆ."

"ಇರ್ಲಿ ಬಿಡೋ, ನಿನಗೇನು ಕಷ್ಟ?"

"ಅಪ್ಪನ ಕಣ್ಣಿನ ಮೇಲಾದ್ರೂ ಕನಿಕರ ಬೇಡ್ವಾ? ಈ ಸಂತೇಲಿ ಅಕ್ಷರ ಎಲ್ಲಿ ಹುಡುಕ್ಬೇಕು ಅಪ್ಪ?"

ಆ ಮಾತು ನಾಟಿತು. ರಜೆಯ ದಿನ ಇಬ್ಬರೂ ಕೂತು ಎಲ್ಲ ಗುಡಿಸಿ ಹಾಕಿದರು. ಬಿಳಿ ಹಾಳೆ, ದಪ್ಪ ಕಪ್ಪು ಅಕ್ಷರ, ಸಾಲುಗಳ ನಡುವೆ ಧಾರಾಳ ಜಾಗ. ಅಪ್ಪ ತಾನಾಗಿ ನೋಡಿ ಖುಷಿಪಡಲಿ ಎಂದು ಅವನಿಗೆ ಹೇಳಲಿಲ್ಲ.

ಅವಳು ಬರೆದಳು. ಬಿಸಿನೀರು ಇರಲಿಲ್ಲ. ಮತ್ತೆ ಬರೆದಳು. ಬಕೆಟ್ ಬೋರಲಾಗಿಯೇ ಇತ್ತು. ಕೊನೆಗೆ ಅವಳೇ ಬಾಯಿಬಿಟ್ಟಳು.

"ಅಪ್ಪಾ, ಈಗ ಓದೋಕೆ ಸಲೀಸಾಯ್ತಾ?"

"ಏನ್ ಮಾಡ್ದೆ ಅದನ್ನ? ಗಡಿಯಾರ ಎಲ್ಲಿ?"

"ಗೋಡೆ ಮೇಲೇ ಇದೆಯಲ್ಲಪ್ಪಾ ಗಡಿಯಾರ."

"ಟೈಮ್ ಯಾವನಿಗೆ ಬೇಕು? ನೇರ ನೋಡಿದ್ರೆ ಅಕ್ಷರ ಹೋಗ್ಬಿಡುತ್ತೆ ಕಣೇ. ಆ ಕೆಂಪು ತಿರುಗೋದು ಮಾತ್ರ ಮಸುಕಾಗಾದ್ರೂ ಗೊತ್ತಾಗ್ತಿತ್ತು. ಕಣ್ಣನ್ನ ಅದರ ಮೇಲೆ ನಿಲ್ಲಿಸ್ತಿದ್ದೆ, ನಿನ್ನ ಸಾಲು ಪಕ್ಕಕ್ಕೆ ಬಂದು ಕೂರ್ತಿತ್ತು. ಕನ್ನಡಿ ನೋಡ್ಕೊಂಡು ಬಸ್ ಹಿಂದಕ್ಕೆ ತಗೊಳಲ್ವಾ, ಹಾಗೆ. ಈಗ ಎಲ್ಲಿ ನೋಡ್ಲಿ? ಎಲ್ಲಾ ಸುಣ್ಣ ಬಳಿದ ಗೋಡೆ."

ಹಳೆಯ ವಿನ್ಯಾಸದ ಪ್ರತಿಯನ್ನು ಅವಳು ಇಟ್ಟುಕೊಂಡಿರಲಿಲ್ಲ. ತಮ್ಮ ಬೇರೊಂದು ಗಡಿಯಾರ ಹುಡುಕಿ ಅಂಟಿಸಿದ, ಮುಳ್ಳಿಗೆ ಕೆಂಪು ಕೊಟ್ಟ. ಹಿಗ್ಗಿಸಿದ, ಕುಗ್ಗಿಸಿದ, ಮೇಲೆ ಸರಿಸಿದ, ಕೆಳಗೆ ಸರಿಸಿದ. ಅಪ್ಪ ಕತ್ತು ಓರೆ ಮಾಡಿ ಕೂತು ಪ್ರತಿ ಸಲವೂ ಇಲ್ಲವೆಂದು ತಲೆಯಾಡಿಸಿದ. ಗಡಿಯಾರ ಬೇರೆಯದಾದ್ದರಿಂದಲೋ, ಅಷ್ಟರಲ್ಲಿ ಮಚ್ಚೆಯೇ ಹರಡಿದ್ದರಿಂದಲೋ, ಡಾಕ್ಟರಿಗೂ ಹೇಳಲಾಗಲಿಲ್ಲ.

"ನಾನೇ ಓದಿ ಹೇಳ್ಲಾ?" ಎಂದು ಅವಳು ಪಕ್ಕದಲ್ಲಿ ಕೂತಳು. ಮೊದಲ ಸಾಲಿನಲ್ಲೇ ಅಮ್ಮ ಇದ್ದಳು. ಬಾಯಿ ತೆರೆದಳು, ಮುಚ್ಚಿದಳು. ಬಾಯಲ್ಲಿ ಹೇಳಲಾಗದ್ದಕ್ಕೇ ಬರೆದದ್ದು, ಈಗ ಹೇಗೆ ಹೇಳುವುದು?

ಅಪ್ಪ ಕುರ್ಚಿ ಹಿಂದಕ್ಕೆ ಸರಿಸಿ ಎದ್ದ.

"ಬಿಡು. ಗ್ಯಾಸ್ ಬುಕ್ ಮಾಡಿದ್ಯಾ?"

"ಮಾಡ್ದೆ."

ಹೋದದ್ದು ಒಂದು ಹಳದಿ ಪಟ್ಟಿ, ಏಳು ನಕ್ಷತ್ರ, ಒಂದು ಗಡಿಯಾರ, ಒಬ್ಬ ಓದುಗ.