ತವರಿನ ಬೇವು, ಅಣ್ಣನ ಫ್ಲೆಕ್ಸು

ಕೊಟ್ಟೂರಿನಿಂದ ಕೂಡ್ಲಿಗಿ ಕಡೆ ಹೊರಟರೆ ಊರು ಮುಗಿಯುವಲ್ಲಿ ಹಾಲಸ್ವಾಮಿಯ ಸಾಮಿಲ್ಲು. ಮಿಲ್ಲು ಎಂದರೆ ಭಾರಿಯೇನಲ್ಲ. ಒಂದು ತಗಡಿನ ಚಪ್ಪರ, ಒಂದು ಗರಗಸದ ಯಂತ್ರ, ಅದನ್ನು ನಡೆಸಲು ಹಾಲಸ್ವಾಮಿ, ದಿಮ್ಮಿ ನೂಕಲು ಓಬಳೇಶ. ಸುತ್ತಲಿನ ಹಳ್ಳಿಗಳ ಅರ್ಧಕ್ಕರ್ಧ ತಲಬಾಗಿಲುಗಳು ಇಲ್ಲೇ ಕೊಯ್ಯಿಸಿಕೊಂಡು ಹೋದವು. ಮಿಲ್ಲಿನ ಹಿಂದೆ ಅವನ ಮನೆ. ಆ ಮನೆಯ ತಲಬಾಗಿಲು ಮಾತ್ರ ತಗಡಿನದು! ಗಾಳಿ ಬಂದರೆ ಬಡಿದುಕೊಳ್ಳುತ್ತದೆ, ನಾಯಿ ಬಂದರೆ ತಾನೇ ತೆರೆದು ಒಳಗೆ ಕರೆಯುತ್ತದೆ. ಹಾಲಸ್ವಾಮಿಯ ಹೆಂಡತಿ ಕೊಟ್ರಮ್ಮ ಮದುವೆಯಾಗಿ ಬಂದಾಗಿನಿಂದ ಅದಕ್ಕೇ ಅರಿಶಿನ ಹಚ್ಚುತ್ತ ಬಂದವಳು. ಯಾವುದು ಅರಿಶಿನ, ಯಾವುದು ತುಕ್ಕು ಎಂದು ಈಗ ಅವಳಿಗೂ ತಿಳಿಯುತ್ತಿರಲಿಲ್ಲ.

ಕಟ್ಟಿಗೆಗೇನೂ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ಹಾಲಸ್ವಾಮಿಯ ಬಾಯಲ್ಲಿ ‘ಇಲ್ಲ’ ಎನ್ನುವ ಮಾತಿಗೆ. ಮನೆಗೆಂದು ತೆಗೆದಿಟ್ಟ ಒಂದು ದಿಮ್ಮಿಯನ್ನು ಕಂಟ್ರ್ಯಾಕ್ಟರ್ ಕೇಳಿದ, ‘ಆಗ್ಲಿ ಬಿಡ್ರಿ’ ಅಂದ. ಇನ್ನೊಂದನ್ನು ಕಂಟ್ರ್ಯಾಕ್ಟರನ ಷಡ್ಡಕ ಕೇಳಿದ, ಅದಕ್ಕೂ ‘ಆಗ್ಲಿ ಬಿಡ್ರಿ’. ಈ ಪುಣ್ಯಾತ್ಮನನ್ನು ನಂಬಿ ಕೂತರೆ ತನ್ನ ಹೆಣವೂ ತಗಡಿನ ಬಾಗಿಲಿನಿಂದಲೇ ಹೊರಡುತ್ತದೆ ಎಂದು ಖಾತ್ರಿಯಾದ ಮೇಲೆ ಕೊಟ್ರಮ್ಮ ತವರಿಗೆ ಹೋದಳು. ತವರೂರು ಇಟ್ಟಿಗಿಯ ಹೊಲದ ಬದುವಿನ ಬೇವನ್ನು ಒಡಹುಟ್ಟಿದ ಅಣ್ಣನೊಂದಿಗೆ ಗುದ್ದಾಡಿ ಕಡಿಸಿ ತಂದಳು. ಅವಳ ಅಪ್ಪ ಅದರ ನೆರಳಿಗೆ ಕೂತೇ ಬುತ್ತಿ ಉಣ್ಣುತ್ತಿದ್ದದ್ದು. ಮೊಳೆ ಎಂದರೇನೆಂದು ಕಾಣದ ಮರ. ಗೋಣಿಚೀಲ ಹೊದಿಸಿ, ಎರಡು ಬೇಸಿಗೆ ಒಣಗಲು ಬಿಟ್ಟು, ಈ ಶ್ರಾವಣಕ್ಕೆ ಕೊಯ್ಯುವುದೆಂದು ನಿಕ್ಕಿ ಮಾಡಿದ್ದಳು.

ಅಷ್ಟರಲ್ಲಿ ಅಮರೇಶಣ್ಣ ಬಂದರು.

ಅಮರೇಶಣ್ಣ ಊರಿನ ಯುವ ಮುಖಂಡರು. ಐವತ್ತು ದಾಟಿ ಬಹಳ ದಿನವಾಗಿತ್ತು, ಆದರೆ ಫ್ಲೆಕ್ಸಿನಲ್ಲಿ ವಯಸ್ಸು ಹೆಚ್ಚುವುದಿಲ್ಲವಲ್ಲ. ಪಕ್ಷ ಮೂರು ಸಲ ಬದಲಿಸಿದ್ದರು, ಫೋಟೋ ಬದಲಿಸಿರಲಿಲ್ಲ. ಒಮ್ಮೆ ಗಾಳಿಗೆ ಅವರ ಒಂದು ಫ್ಲೆಕ್ಸು ಹರಿದದ್ದಕ್ಕೆ ಹುಡುಗರು ರಸ್ತೆಯಲ್ಲಿ ಟೈರು ಸುಟ್ಟು, ಗಾಳಿಯ ಹಿಂದೆ ಯಾರ ಕೈವಾಡವಿದೆ ಎಂದು ಧರಣಿ ಕೂತಿದ್ದರು. ಅಂದಿನಿಂದ ಅಣ್ಣನ ಫ್ಲೆಕ್ಸನ್ನು ಊರಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಕಿಟಕಿಗೆ ಅಡ್ಡ ಬಂದರೆ ಕಿಟಕಿಯನ್ನೇ ಮುಚ್ಚಿಕೊಳ್ಳುತ್ತಿದ್ದರು.

ಅಣ್ಣ ಹೊಸ ಮನೆ ಕಟ್ಟಿಸುತ್ತಿದ್ದರು. ಬಹಳ ಮಂದಿಗೆ ನೆರಳು ಕೊಟ್ಟ ಬೇವಿನಲ್ಲಿ ತಲಬಾಗಿಲು ಮಾಡಿಸಿದರೆ ಅಷ್ಟೂ ಮಂದಿಯ ವೋಟು ಹೊಸ್ತಿಲು ದಾಟಿ ಬರುತ್ತದೆಂದು ಜ್ಯೋತಿಷಿ ಹೇಳಿದ್ದನಂತೆ. ರಸ್ತೆ ಅಗಲ ಮಾಡಲು ಕಡಿದ ಬಸ್ ನಿಲ್ದಾಣದ ಬೇವನ್ನು ಅವರು ಹರಾಜಿನಲ್ಲಿ ಹಿಡಿದರು. ಅದು ಹೂವಿನ ಹಾರ ಹಾಕಿಕೊಂಡು ಟ್ರ್ಯಾಕ್ಟರಿನಲ್ಲಿ ಬಂದು ಇಳಿಯಿತು.

ಹಾಲಸ್ವಾಮಿ ದಿಮ್ಮಿಯ ಮೈ ಸವರಿ ನೋಡಿದ. ಕೈಗೆ ಸಿಕ್ಕಿದ್ದೆಲ್ಲ ಮೊಳೆ. ಇಪ್ಪತ್ತು ವರ್ಷ ಊರಿನ ಹುಟ್ಟುಹಬ್ಬಗಳನ್ನೆಲ್ಲ ಆ ಬಡ ಮರದ ಮೈಗೆ ಬಡಿದಿದ್ದರು. ಕಂಡವನ್ನು ಕಿತ್ತರೂ ತೊಗಟೆ ನುಂಗಿಕೊಂಡವು ಒಳಗೇ ಇರುತ್ತವೆ, ಗರಗಸದ ಪಟ್ಟಿ ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೆ ಅಣ್ಣ ಎದುರಿಗೇ ನಿಂತಿದ್ದರು. ‘ಆಗ್ಲಿ ಬಿಡ್ರಿ’ ಎಂದು ಸ್ವಿಚ್ಚು ಹಾಕಿದ.

ಗರಗಸ ಒಂದು ಮೊಳದಷ್ಟು ಒಳಗೆ ಹೋಗಿರಬೇಕು. ಕಿಡಿ ಹಾರಿತು, ಪಟ್ಟಿ ತುಂಡಾಗಿ ಓಬಳೇಶನ ತಲೆ ಮೇಲೆ ಹಾದು ಚಪ್ಪರದ ತಗಡಿಗೆ ಸಿಕ್ಕಿಕೊಂಡಿತು. ಅವನ ತಾಯಿ ಮಾಡಿದ ಪುಣ್ಯ, ಕೂದಲೂ ಕೊಂಕಲಿಲ್ಲ. ಬೆಣೆ ಹೊಡೆದು ದಿಮ್ಮಿ ಸೀಳಿದರೆ ಒಳಗೆಲ್ಲ ಕಪ್ಪುಗಟ್ಟಿದ ಮೊಳೆಗಳು. ತೀರಾ ಒಳಗೆ ಹಳೆಯ ಕಾಲದ ತಗಡಿನ ಬೋರ್ಡಿನ ಒಂದು ಚೂರು, ಅದರ ಮೇಲೆ ಅಣ್ಣನ ಮೀಸೆ, ಪಕ್ಕದಲ್ಲಿ ಅವರ ಮೊದಲನೇ ಪಕ್ಷದ ಬಣ್ಣ. ಅಣ್ಣ ಬಗ್ಗಿ ತಮ್ಮ ಮೀಸೆಯನ್ನು ಗುರುತಿಸಿದರು. ಇದು ವಿರೋಧಿಗಳ ಪಿತೂರಿ ಎಂದರು.

ಬಾಗಿಲು ನಿಲ್ಲಿಸುವ ಮುಹೂರ್ತ ಶುಕ್ರವಾರ ಬೆಳಿಗ್ಗೆ. ಅಂದು ಬುಧವಾರ. ಅಣ್ಣನ ಕಣ್ಣು ಗೋಣಿಚೀಲದ ಮೇಲೆ ಬಿತ್ತು. ಸರಿಸಿ ನೋಡಿ, ರೈತನ ಹೊಲದ ಬೇವು ಎಂದು ಗೊತ್ತಾದ ಮೇಲಂತೂ ಭಾಷಣಕ್ಕೆ ಇದೇ ವಾಸಿ ಎಂದು ಹಿಗ್ಗಿದರು. ಹಳೆಯ ಪಟ್ಟಿ ಹಾಕಿ ನಾಳೆ ಕೊಯ್ದುಬಿಡಲು ಹೇಳಿದರು. ಹಾಲಸ್ವಾಮಿ ಹೆಂಡತಿಯ ಕಡೆ ನೋಡಿದ. ತಗಡಿನ ಬಾಗಿಲಲ್ಲಿ ನಿಂತಿದ್ದ ಕೊಟ್ರಮ್ಮ ಬೇಡವೆಂದು ತಲೆಯಾಡಿಸಿದಳು. ಅವನು ಅಣ್ಣನ ಕಡೆ ನೋಡಿದ.

“ಆಗ್ಲಿ ಬಿಡ್ರಿ,” ಅಂದ.

ಕೊಟ್ರಮ್ಮ ಒಳಗೆ ಹೋಗಿ ಒಲೆ ಮುಂದೆ ಕೂತು ಅತ್ತಳು. ಹಂಚಿನ ಮೇಲೆ ರೊಟ್ಟಿ ಸೀದು ಕರಕಾಯಿತು. ಗಂಡನನ್ನು ಬೈಯುವಷ್ಟು ಬೈದಳು, ಅದರಿಂದ ಅವನಿಗೂ ಏನೂ ಆಗಲಿಲ್ಲ, ಅವಳಿಗೂ ಸಮಾಧಾನವಾಗಲಿಲ್ಲ. ಅಪ್ಪನ ಮರ ಇನ್ನು ಯಾರದೋ ಭಾಷಣಕ್ಕೆ ಬಾಗಿಲಾಗುತ್ತದೆ.

ಸಂಜೆ, ಹಳೆಯ ಪಟ್ಟಿಗೆ ಹಲ್ಲು ಹಿಡಿಸಲು ಹಾಲಸ್ವಾಮಿ ಓಬಳೇಶನೊಂದಿಗೆ ಊರೊಳಗೆ ಹೋಗಿದ್ದಾಗ, ರಸ್ತೆಯಲ್ಲಿ ಟೆಂಪೊ ನಿಂತ ಸದ್ದಾಯಿತು. ಅಣ್ಣನ ಅಭಿಮಾನಿ ಬಳಗದ ಅಧ್ಯಕ್ಷ ಗಂಗಾಧರ್, ಹಿಂದೆ ಕಟ್ಟುಗಟ್ಟಲೆ ಫ್ಲೆಕ್ಸು. ಭಾನುವಾರ ಅಣ್ಣನ ಹುಟ್ಟುಹಬ್ಬ. ಬೆಳಗಿನಿಂದ ಊರೆಲ್ಲ ಮೊಳೆ ಹೊಡೆಯುತ್ತಿದ್ದ ಅವನಿಗೆ ಮಿಲ್ಲಿನಲ್ಲಿ ನಡೆದದ್ದು ಗೊತ್ತಿರಲಿಲ್ಲ. ಅವನು ಮಿಲ್ಲಿನ ಕಡೆ ತಿರುಗಿಯೂ ನೋಡದ್ದರಿಂದಲೇ ಕೊಟ್ರಮ್ಮ ಅದನ್ನು ಊಹಿಸಿದಳು. ಮುಖ ತೊಳೆದು, ಸೆರಗು ಸರಿಮಾಡಿಕೊಂಡು, ಚಹಾ ಲೋಟ ಹಿಡಿದು ಹೊರಗೆ ಬಂದಳು. ಬರುವಾಗಲೇ ದಿಮ್ಮಿಯ ಮೇಲಿನ ಗೋಣಿಚೀಲ ಎಳೆದು ಹಾಕಿದಳು.

“ಏನಪ್ಪಾ ಗಂಗಾಧರ, ಊರ ತುಂಬ ಅಣ್ಣಾರ ಫ್ಲೆಕ್ಸ್ ಹಚ್ಚೀರಿ, ನಮ್ಮ ಕಟ್ಟಿಗಿ ಅಡ್ಡ್ಯಾಗ ಒಂದಾರ ಐತೇನು? ನಾವೇನು ಅಣ್ಣಾರಿಗಿ ಹೊರಗಿನವ್ರಾ?”

ಗಂಗಾಧರ್ ನಾಚಿದ. ತಪ್ಪಾಯಿತಕ್ಕಾ ಎಂದ. ರಸ್ತೆಗೆ ಮುಖ ಮಾಡಿ ಮಲಗಿದ ನುಣುಪಾದ ಉದ್ದನೆಯ ದಿಮ್ಮಿ ಕಂಡದ್ದೇ ಅವನ ಕೈ ತಡೆಯಲಿಲ್ಲ. ಟೆಂಪೊದಲ್ಲಿದ್ದ ಹುಡುಗರಿಂದ ಎಲ್ಲಕ್ಕಿಂತ ಉದ್ದದ ಫ್ಲೆಕ್ಸು ತೆಗೆಸಿದ. ಮೇಲೆ ಸಾಲಾಗಿ ದೇವರು, ಅವರ ಕೆಳಗೆ ಗುರುಗಳು, ಮಧ್ಯೆ ಕೈಮುಗಿದ ಅಣ್ಣ. ಗಾಳಿಗೆ ಹರಿಯಬಾರದೆಂದು ಗೇಣಿಗೊಂದರಂತೆ ಉದ್ದುದ್ದ ಮೊಳೆ ಹೊಡೆಸಿದ. ಒಂದೊಂದು ಏಟೂ ಕೊಟ್ರಮ್ಮನ ಎದೆಗೇ ಬಿದ್ದಂತಾಗುತ್ತಿತ್ತು. ಅಪ್ಪಾ, ತಪ್ಪು ತಿಳಿಯಬೇಡ ಎಂದು ಮನಸ್ಸಿನಲ್ಲೇ ಅನ್ನುತ್ತ, ಬಾಯಲ್ಲಿ ಆ ಮೂಲೆಗೂ ಒಂದು ಹೊಡೀರಪ್ಪಾ ಎನ್ನುತ್ತಿದ್ದಳು.

ಕತ್ತಲಾದ ಮೇಲೆ ಬಂದು ಮಲಗಿದ್ದ ಹಾಲಸ್ವಾಮಿ ಬೆಳಿಗ್ಗೆ ಎದ್ದು ನೋಡಿ ತಲೆ ಮೇಲೆ ಕೈ ಹೊತ್ತು ಕೂತ. ಅಣ್ಣ ಬಂದರು. ಕಾರಿನಿಂದ ಇಳಿದು ನೋಡಿದರೆ ತಮ್ಮೆದುರು ತಾವೇ ಕೈಮುಗಿದು ಮಲಗಿದ್ದಾರೆ. ಗಂಗಾಧರ್ ಹಿಗ್ಗಿನಿಂದ, ಫೋಟೋ ಆಗಲೇ ಎಲ್ಲ ಗುಂಪುಗಳಿಗೂ ಹಾಕಿದ್ದಾಗಿ ವರದಿ ಒಪ್ಪಿಸಿದ. ಎದುರಿನ ಚಹಾದಂಗಡಿಯಲ್ಲಿ ವಿರೋಧಿ ಬಣದ ಹುಡುಗರು ಮೊಬೈಲು ಎತ್ತಿ ಹಿಡಿದು ಕಾಯುತ್ತಿದ್ದರು. ಹುಟ್ಟುಹಬ್ಬಕ್ಕೆ ಮುಂಚೆ ತಮ್ಮ ಮುಖವನ್ನು ತಾವೇ ಕೀಳಿಸುವುದು ಹೇಗೆ? ಅದೂ ದೇವರು, ಗುರುಗಳ ಸಮೇತ? ಕೀಳದೆ ಕೊಯ್ಯುವುದು ಹೇಗೆ ಎನ್ನುವುದಕ್ಕೆ ನಿನ್ನೆಯ ಪಟ್ಟಿಯ ತುಂಡು ಇನ್ನೂ ತಗಡಿನಲ್ಲಿ ನೇತಾಡುತ್ತಿತ್ತು. ಅಣ್ಣ ಮೊಬೈಲುಗಳ ಕಡೆ ಒಮ್ಮೆ, ಫ್ಲೆಕ್ಸಿನ ಕಡೆ ಒಮ್ಮೆ ನೋಡಿದರು. ಕೊನೆಗೆ ನಿಮ್ಮ ಅಭಿಮಾನ ದೊಡ್ಡದು ತಾಯಿ ಎಂದು ಕೊಟ್ರಮ್ಮನಿಗೆ ಕೈಮುಗಿದು ಕಾರು ಹತ್ತಿದರು. ಶುಕ್ರವಾರ ಅವರ ಮನೆಗೆ ಸಿಮೆಂಟಿನ ಚೌಕಟ್ಟು ನಿಂತಿತು. ಅದಕ್ಕೆ ಕಟ್ಟಿಗೆಯ ಬಣ್ಣ ಬಳಿದರಂತೆ.

ಶ್ರಾವಣ ಹೋಯಿತು, ದಸರೆಯೂ ಕಳೆಯಿತು. ಬಿಸಿಲಿಗೆ ಅಣ್ಣನ ಮುಖ ಬಿಳಿಚಿಕೊಂಡಾಗ, ಇದು ಅಣ್ಣಾರಿಗೆ ಶೋಭೆಯಲ್ಲ ಎಂದು ಕೊಟ್ರಮ್ಮ ಗಂಗಾಧರನ ಕಿವಿಗೆ ಹಾಕಿದಳು. ಅವನೇ ಬಂದು, ಭಕ್ತಿಯಿಂದ ಬಿಚ್ಚಿ, ಮಡಚಿ ತೆಗೆದುಕೊಂಡು ಹೋದ. ಮೊಳೆಗಳನ್ನು ಮಾತ್ರ ಬಿಟ್ಟು ಹೋದ.

ಹಾಲಸ್ವಾಮಿ ಇಕ್ಕಳ ಹಿಡಿದು ಕೂತ. ಕೊಟ್ರಮ್ಮ ಸುತ್ತಿಗೆಯಿಂದ ತಟ್ಟಿ ಸಡಿಲಿಸಿ ಕೊಡುತ್ತಿದ್ದಳು. ಅರ್ಧಕ್ಕೇ ಅವನ ಅಂಗೈ ಬೊಬ್ಬೆ ಎದ್ದಿತು.

“ಎಷ್ಟು ಮೊಳಿ ಹೊಡ್ಸೀದಿ, ಮಾರಾಯ್ತಿ,” ಅಂದ.

“ನಿಮ್ಮ ಬಾಯಾಗ ಒಂದು ‘ಇಲ್ಲ’ ಇದ್ದಿದ್ರ ಇಷ್ಟು ಮೊಳಿ ಯಾಕ ಬೇಕಾಗ್ತಿದ್ವು?”

ಅವನು ತಲೆ ತಗ್ಗಿಸಿ ಇನ್ನೊಂದು ಮೊಳೆಗೆ ಇಕ್ಕಳ ಹಾಕಿದ. ಆಗಲೇ ರಸ್ತೆಯಲ್ಲಿ ಬುಲೆಟ್ ಬಂದು ನಿಂತಿತು. ಹಗರಿಬೊಮ್ಮನಹಳ್ಳಿಯ ಕಡೆಯ ದೊಡ್ಡ ಮನುಷ್ಯರು, ಬಿಳಿ ಅಂಗಿ, ಬಂಗಾರದ ಸರ. ಒಳ್ಳೆ ಒಣಗಿದ ಬೇವಿನಂತೆ ಕಾಣುತ್ತದಲ್ಲ, ಕೊಡುತ್ತೀರೇನು ಎಂದು ಕೇಳಿದರು.

ಹಾಲಸ್ವಾಮಿಯ ಬಾಯಿ ರೂಢಿಯ ಪ್ರಕಾರ ತೆರೆಯಿತು. ‘ಆಗ್’ ಎನ್ನುವಷ್ಟು ಹೊರಗೂ ಬಂತು. ಕೊಟ್ರಮ್ಮ ಸುತ್ತಿಗೆ ಕೆಳಗಿಟ್ಟು ಅವನ ಮುಖವನ್ನೇ ನೋಡಿದಳು. ಅವನು ತನ್ನ ಬೊಬ್ಬೆ ಎದ್ದ ಅಂಗೈ ನೋಡಿಕೊಂಡ.

“ಆಗಲ್ರಿ,” ಅಂದ ಹಾಲಸ್ವಾಮಿ. “ಅದು ನಮ್ಮ ಮನಿ ಬಾಕ್ಲ.”

ಬುಲೆಟ್ ಹೋಯಿತು. ಕೊಟ್ರಮ್ಮ ಸುತ್ತಿಗೆ ಕೈಗೆತ್ತಿಕೊಂಡು ಮುಂದಿನ ಮೊಳೆ ತಟ್ಟಿದಳು.